ಲೇತ್‌ಗೆ ಯಾವ ಎಣ್ಣೆ, ಹೇಗೆ ಹಾಕೋದು, ಯಾವಾಗ ಬದಲಾಯಿಸೋದು: ಸಣ್ಣ ವರ್ಕ್‌ಶಾಪ್‌ನವರಿಗೆ ಒಂದು ಹೋಲಿಕೆ

ಹಳೇ ಲೇತ್ (ಲೋಹದ ತುಂಡು ತಿರುಗಿಸಿ ಕಡೆಯೋ ಮೆಷಿನ್) ತಗೊಂಡವ್ರು ಮೊದಲ ವಾರದಲ್ಲೇ ಕೇಳೋ ಪ್ರಶ್ನೆ ಒಂದೇ, ಇದಕ್ಕೆ ಯಾವ ಆಯಿಲ್ ಹಾಕ್ಬೇಕು ಅಂತ. ಪಕ್ಕದ ಶೆಡ್‌ನವರು ಒಂದು ಹೇಳ್ತಾರೆ, ಆಯಿಲ್ ಅಂಗಡಿಯವ್ರು ತಮ್ಮ ಹತ್ರ ಸ್ಟಾಕ್ ಇರೋದನ್ನೇ ಬೆಸ್ಟ್ ಅಂತಾರೆ, ಜೀವಮಾನ ಪೂರ್ತಿ ಟರ್ನರ್ ಆಗಿ ದುಡಿದವ್ರು "ಯಾವ್ದಾದ್ರೂ ಹಾಕಪ್ಪ, ಒಣಗಬಾರ್ದು ಅಷ್ಟೇ" ಅಂತ ಕೈ ತೊಳ್ಕೊಂಡು ಹೋಗ್ತಾರೆ. ಕೊನೇ ಮಾತಲ್ಲಿ ಮುಕ್ಕಾಲು ಭಾಗ ನಿಜ ಇದೆ. ಎಣ್ಣೆಯ ಬ್ರ್ಯಾಂಡ್ ವಿಷಯಕ್ಕೆ ಜಗಳ ಆಡೋರು ಜಾಸ್ತಿ, ಆ ಎಣ್ಣೆ ತಲುಪಬೇಕಾದ ಜಾಗಕ್ಕೆ ತಲುಪ್ತಾ ಇದ್ಯಾ ಅಂತ ಬಗ್ಗಿ ನೋಡೋರು ಕಮ್ಮಿ. ಆದ್ರೂ ಉಳಿದ ಕಾಲು ಭಾಗದಲ್ಲಿ ತಪ್ಪಿದ್ರೆ ಗನ್‌ಮೆಟಲ್ ಬುಷ್ (ಶಾಫ್ಟ್ ತಿರುಗೋ ಕಂಚಿನ ಬಳೆ) ಹೋಗುತ್ತೆ, ಕ್ಲಚ್ ಜಾರುತ್ತೆ, ಬೆಡ್ (ಟೂಲ್ ಜರುಗೋ ಉದ್ದನೆ ತಳ) ಸವೆಯುತ್ತೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಇದು ಒಂದೋ ಎರಡೋ ಮೆಷಿನ್ ಇಟ್ಕೊಂಡು ಜಾಬ್ ವರ್ಕ್ ಮಾಡೋರಿಗೆ. ಎಚ್‌ಎಂಟಿ ಎಚ್ 22, ಎನ್‌ಎಚ್ 22, ಎನ್‌ಎಚ್ 26, ಹರಿಹರದ ಮೈಸೂರು ಕಿರ್ಲೋಸ್ಕರ್‌ನ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್, ಇಲ್ಲಾ ರಾಜಕೋಟ್ ಬಟಾಲಾ ಕಡೆಯಿಂದ ಬರೋ ಸ್ಟೆಪ್ ಪುಲ್ಲಿ ಲೇತ್ (ಮೆಟ್ಟಿಲು ಪುಲ್ಲಿ ಮೇಲೆ ಬೆಲ್ಟ್ ಸರಿಸಿ ಸ್ಪೀಡ್ ಬದಲಾಯಿಸೋದು), ಇವೇ ನಮ್ಮ ಪೀಣ್ಯ, ಹುಬ್ಬಳ್ಳಿ, ಬೆಳಗಾವಿ ಕಡೆ ಶೆಡ್‌ಗಳಲ್ಲಿ ಜಾಸ್ತಿ ಕಾಣೋದು. ಹರಿಹರದ ಫ್ಯಾಕ್ಟರಿ 1941ರದ್ದು, ಎಚ್‌ಎಂಟಿ 1953ರದ್ದು, ಅಲ್ಲಿಂದ ಹೊರಬಂದ ಎಷ್ಟೋ ಮೆಷಿನ್ ಇನ್ನೂ ದಿನಾ ಓಡ್ತಿವೆ. ಓಡ್ತಿರೋ ಹಳೇ ಮೆಷಿನ್‌ಗಳ ಬೆಡ್ ಮುಟ್ಟಿ ನೋಡಿ, ಯಾವಾಗ್ಲೂ ಒದ್ದೆ ಇರುತ್ತೆ. ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮೆಷಿನ್) ಬಗ್ಗೆ ಕೊನೇಲಿ ನಾಲ್ಕು ಲೈನ್ ಹಾಕಿದೀನಿ, ಅದು ಬೇರೆ ಕಥೆ.

ಮೊದ್ಲು ಒಂದ್ ಕೆಲಸ ಮಾಡಿ. ಹೆಡ್‌ಸ್ಟಾಕ್ (ಎಡಗಡೆ ಇರೋ, ಕಡೆಯೋ ಲೋಹ ತಿರುಗಿಸೋ ಸ್ಪಿಂಡಲ್ ಮತ್ತು ಅದರ ಗೇರ್ ಇರೋ ಪೆಟ್ಟಿಗೆ) ಮೇಲೋ, ಎಡಗಡೆ ಗೇರ್ ಕವರ್ ಒಳಗೋ ಒಂದು ಲ್ಯೂಬ್ರಿಕೇಶನ್ ಪ್ಲೇಟ್ ಇರುತ್ತೆ, ಬಹಳಷ್ಟು ಮೆಷಿನ್‌ನಲ್ಲಿ ಅದರ ಮೇಲೆ ಎರಡು ಮೂರು ಕೋಟ್ ಪೇಂಟ್ ಬಳಿದಿರ್ತಾರೆ. ಥಿನ್ನರ್ ಹಚ್ಚಿ ಮೆಲ್ಲಗೆ ಉಜ್ಜಿ. ಎಲ್ಲೆಲ್ಲಿ ಎಣ್ಣೆ, ಎಲ್ಲಿ ಗ್ರೀಸ್, ದಿನಕ್ಕೊಂದ್ಸಲವಾ ವಾರಕ್ಕೊಂದ್ಸಲವಾ ಎಲ್ಲ ಅದ್ರಲ್ಲೇ ಇರುತ್ತೆ. ಅದು ಸಿಕ್ರೆ ನಾನು ಕೆಳಗೆ ಹೇಳೋದಕ್ಕೂ ಅದಕ್ಕೂ ವ್ಯತ್ಯಾಸ ಬಂದ್ರೆ ಪ್ಲೇಟ್‌ನೇ ನಂಬಿ.

ಪೆಟ್ಟಿಗೆ ಒಳಗಿನ ಎಣ್ಣೆ: ಹೈಡ್ರಾಲಿಕ್, ಇಂಜಿನ್ ಆಯಿಲ್, ಗೇರ್ ಆಯಿಲ್

ಹೆಡ್‌ಸ್ಟಾಕ್, ಅದರ ಕೆಳಗಿನ ಫೀಡ್ ಗೇರ್ ಬಾಕ್ಸ್, ಕ್ಯಾರೇಜ್ (ಟೂಲ್ ಹೊತ್ತು ಬೆಡ್ ಮೇಲೆ ಜರುಗೋ ಭಾಗ) ಮುಂದಿರೋ ಏಪ್ರನ್, ಈ ಮೂರೂ ಮುಚ್ಚಿದ ಪೆಟ್ಟಿಗೆಗಳು. ಒಳಗೆ ಎಣ್ಣೆ ನಿಂತಿರುತ್ತೆ, ಗೇರ್ ತಿರುಗ್ತಾ ಎರಚುತ್ತೆ, ಇಲ್ಲಾ ಸಣ್ಣ ಪಂಪ್ ಎತ್ತಿ ಮೇಲಿಂದ ಸುರಿಯುತ್ತೆ. ಇಲ್ಲಿಗೆ ನನ್ನ ಆಯ್ಕೆ ಆಂಟಿ ವೇರ್ (ಸವೆತ ತಡೆಯೋ) ಹೈಡ್ರಾಲಿಕ್ ಆಯಿಲ್, 46 ಅಥವಾ 68. ಇಂಡಿಯನ್ ಆಯಿಲ್‌ನವರ ಸರ್ವೋ ಸಿಸ್ಟಮ್, ಎಚ್‌ಪಿಯ ಎನ್‌ಕ್ಲೋ, ಶೆಲ್ ಟೆಲ್ಲಸ್, ಕ್ಯಾಸ್ಟ್ರಾಲ್ ಹೈಸ್ಪಿನ್, ಯಾವುದು ಊರಲ್ಲಿ ಸಿಗುತ್ತೋ ಅದು. ಬ್ರ್ಯಾಂಡ್‌ಗೋಸ್ಕರ ಬೆಂಗಳೂರಿಗೆ ಬಸ್ ಹತ್ತೋ ಅಗತ್ಯ ಇಲ್ಲ.

ಈ 46, 68 ಅನ್ನೋದು ಎಣ್ಣೆ 40 ಡಿಗ್ರಿಯಲ್ಲಿ ಎಷ್ಟು ಮಂದ ಅನ್ನೋ ಅಳತೆ, ಮೇಲೆ ಕೆಳಗೆ ಶೇ. 10 ವ್ಯತ್ಯಾಸ ಇರಬಹುದು, ಅಂದ್ರೆ 68 ಅಂತ ಬರೆದಿರೋದು ನಿಜವಾಗಿ 61.2ರಿಂದ 74.8ರ ಒಳಗೆ ಎಲ್ಲಾದ್ರೂ ಇರುತ್ತೆ. ಬೆಂಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ ಶೆಡ್ ತಣ್ಣಗಿದ್ದಾಗ 68 ಸ್ವಲ್ಪ ಭಾರ ಅನ್ಸುತ್ತೆ, ಮೊದಲ ಹತ್ತು ನಿಮಿಷ ಹೆಡ್‌ಸ್ಟಾಕ್ ಗೊರ್ ಅನ್ನುತ್ತೆ. ಅದೇ ಕಲಬುರಗಿ, ಬಳ್ಳಾರಿಲಿ ಏಪ್ರಿಲ್ ಮಧ್ಯಾಹ್ನ ಮೆಷಿನ್ ಆನ್ ಮಾಡೋಕೆ ಮುಂಚೆನೇ ಶೀಟ್ ಶೆಡ್ ಒಳಗೆ ಎಣ್ಣೆ ಕಾದು ಕೂತಿರುತ್ತೆ, ಅಲ್ಲಿ 46 ತೀರಾ ತೆಳು ಆಗಿಬಿಡುತ್ತೆ. ಸ್ಪೀಡ್ ಜಾಸ್ತಿ ಓಡಿಸೋರು, ಟೇಪರ್ ರೋಲರ್ ಬೇರಿಂಗ್ ಇರೋ ಸ್ಪಿಂಡಲ್, ತಂಪು ಊರು ಅಂದ್ರೆ 46. ದೊಡ್ಡ ಜಾಬ್, ಕಮ್ಮಿ ಸ್ಪೀಡ್, ಸೆಕೆ ಊರು ಅಂದ್ರೆ 68. ಹಳೇ ಮೆಷಿನ್, ಸದ್ದು ಬರ್ತಿದೆ ಅಂತ 100, 150 ಹಾಕಿ ಸದ್ದು ಮುಚ್ಚಿಸೋದು ಒಂದು ಪದ್ಧತಿ ಇದೆ, ಸೆಕೆಂಡ್ ಹ್ಯಾಂಡ್ ಮಾರೋರು ಇದನ್ನ ಚೆನ್ನಾಗಿ ಬಲ್ಲರು. ಮಂದ ಎಣ್ಣೆ ಕಡೆಯೋಕೆ ಹೋಗಿ ಬೇರಿಂಗ್ ಬಿಸಿ ಆಗುತ್ತೆ, ಸದ್ದು ಮಾತ್ರ ಕಮ್ಮಿ ಆಗಿರುತ್ತೆ, ರೋಗ ಹಾಗೇ ಇರುತ್ತೆ. ಮೆಷಿನ್ ನೋಡೋಕೆ ಹೋದಾಗ ಡ್ರೇನ್ ಪ್ಲಗ್ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬೆರಳಿಗೆ ಹಚ್ಚಿ ನೋಡಿ, ಜೇನಿನ ಹಾಗೆ ಎಳೆ ಎಳೆಯಾಗಿ ಬಂದ್ರೆ ರೇಟ್ ಇಳಿಸಿ ಮಾತಾಡಿ.

ಇನ್ನು ಇಂಜಿನ್ ಆಯಿಲ್. ಬೈಕಿಗೆ ತಂದ 20ಡಬ್ಲ್ಯು40 ಉಳಿದಿದೆ, ಹಾಕ್ಲಾ ಅಂತ ಕೇಳೋರು ತುಂಬ. ಒಂದಿನದ ಅರ್ಜೆಂಟ್‌ಗೆ ಹಾಕಿದ್ರೆ ಮೆಷಿನ್ ಏನೂ ಒಡೆದು ಹೋಗಲ್ಲ. ಆದ್ರೆ ಇಂಜಿನ್ ಆಯಿಲ್‌ನಲ್ಲಿ ಡಿಟರ್ಜೆಂಟ್, ಡಿಸ್ಪರ್ಸೆಂಟ್ ಅಂತ ಇರುತ್ತೆ, ಕೊಳೆಯನ್ನ ತಳಕ್ಕೆ ಕೂರೋಕೆ ಬಿಡದೆ ಎಣ್ಣೆಯಲ್ಲೇ ತೇಲಿಸಿಟ್ಕೊಳ್ಳೋದೇ ಅವುಗಳ ಕೆಲಸ. ಕಾರಲ್ಲಿ ಫಿಲ್ಟರ್ ಇದೆ, ತೇಲೋ ಕೊಳೆನ ಅದು ಹಿಡಿಯುತ್ತೆ. ಬಹಳಷ್ಟು ಲೇತ್‌ನ ಹೆಡ್‌ಸ್ಟಾಕ್‌ನಲ್ಲಿ ಫಿಲ್ಟರ್ ಇರೋದೇ ಇಲ್ಲ, ಇದ್ರೂ ಒಂದು ಜಾಲರಿ ಅಷ್ಟೇ. ಇಲ್ಲಿ ಕೊಳೆ ತಳಕ್ಕೆ ಕೂತು ಅಲ್ಲೇ ಬಿದ್ದಿರಬೇಕು, ನೀರು ಬೇರೆಯಾಗಿ ಕೆಳಗೆ ಇಳೀಬೇಕು. ಇಂಜಿನ್ ಆಯಿಲ್ ಎರಡನ್ನೂ ಮಾಡೋಕೆ ಬಿಡಲ್ಲ. ಮೇಲಾಗಿ ಅದು 46, 68ಗಿಂತ ಸಾಕಷ್ಟು ಮಂದ.

ಗೇರ್ ಇದೆ ಅಂದ್ಮೇಲೆ ಗೇರ್ ಆಯಿಲ್ ಹಾಕೋಣ ಅಂತ 90 ನಂಬರ್ ಹಾಕೋದು ಇದಕ್ಕಿಂತ ಕೆಟ್ಟದ್ದು. ಲಾರಿ ಡಿಫರೆನ್ಷಿಯಲ್‌ಗೆ ಹಾಕೋ ಇಪಿ (ಭಾರೀ ಒತ್ತಡ ತಡೆಯೋ) ಎಣ್ಣೆಯಲ್ಲಿ ಗಂಧಕ, ರಂಜಕದ ಅಡಿಟಿವ್ ಇರುತ್ತೆ, ಅದ್ರಲ್ಲೂ ಜಿಎಲ್ 5 ಅಂತ ಬರೆದಿರೋದ್ರಲ್ಲಿ ಜಾಸ್ತಿ, ಬಿಸಿ ಏರಿದ ಹಾಗೆ ಅದು ಗನ್‌ಮೆಟಲ್, ಹಿತ್ತಾಳೆ, ಕಂಚಿನ ಬುಷ್‌ಗಳನ್ನ ತಿನ್ನೋಕೆ ಶುರು ಮಾಡುತ್ತೆ. ಲೇತ್‌ನಲ್ಲಿ ಅಂಥ ಬುಷ್ ಎಷ್ಟಿವೆ ಅಂತ ಒಂದ್ಸಲ ಏಪ್ರನ್ ಬಿಚ್ಚಿ ನೋಡಿದವ್ರಿಗೆ ಗೊತ್ತು. ಇಲ್ಲೊಂದು ಗೊಂದಲನೂ ಇದೆ, ಗೇರ್ ಆಯಿಲ್‌ನ 90 ಮತ್ತು ಇಂಜಿನ್ ಆಯಿಲ್‌ನ 40 ಬೇರೆ ಬೇರೆ ಸ್ಕೇಲ್‌ನ ನಂಬರ್, 90 ಅಂದ್ರೆ 40ರ ಎರಡರಷ್ಟು ಮಂದ ಅಂತ ಏನಿಲ್ಲ, ಹೆಚ್ಚುಕಮ್ಮಿ 40, 50 ಇಂಜಿನ್ ಆಯಿಲ್‌ನಷ್ಟೇ ಇರುತ್ತೆ. ಹಾಗೇ ಈ ನಂಬರ್‌ಗಳನ್ನ ಹೈಡ್ರಾಲಿಕ್‌ನ 46, 68 ಪಕ್ಕ ಇಟ್ಟು ಹೋಲಿಸೋಕೆ ಹೋಗಬೇಡಿ.

ಹೆಡ್‌ಸ್ಟಾಕ್ ಒಳಗೆ ಪ್ಲೇಟ್ ಕ್ಲಚ್ ಇರೋ ಮೆಷಿನ್ ಇಟ್ಕೊಂಡವ್ರು ಇನ್ನೂ ಹುಷಾರಾಗಿರಬೇಕು. ಬೆಡ್‌ಗೆ ಅಂತ ತಂದ ಸ್ಲೈಡ್‌ವೇ ಆಯಿಲನ್ನೇ "ಅದೂ 68, ಇದೂ 68" ಅಂತ ಹೆಡ್‌ಸ್ಟಾಕ್‌ಗೂ ಸುರಿದ್ರೆ, ಅದರಲ್ಲಿರೋ ಜಾರಿಸೋ ಅಡಿಟಿವ್ ಕ್ಲಚ್ ಪ್ಲೇಟ್‌ನೂ ಜಾರಿಸುತ್ತೆ, ಡೀಪ್ ಕಟ್ ತಗೊಂಡ ತಕ್ಷಣ ಸ್ಪಿಂಡಲ್ ನಿಂತ್ಕೊಳ್ಳುತ್ತೆ. ಆಮೇಲೆ ಬೆಲ್ಟ್ ಟೈಟ್ ಮಾಡ್ತಾ, ಮೋಟರ್‌ನವರನ್ನ ಕರೆಸ್ತಾ ಎರಡು ದಿನ ಹೋಗುತ್ತೆ. ನಂಬರ್ ಒಂದೇ ಆದ್ರೂ ಎಣ್ಣೆ ಒಂದೇ ಅಲ್ಲ.

ಸ್ಟೆಪ್ ಪುಲ್ಲಿ ಲೇತ್‌ನವರಿಗೆ ಈ ಪೆಟ್ಟಿಗೆ ಕಥೆ ಅರ್ಧ ಅನ್ವಯಿಸಲ್ಲ. ಅಲ್ಲಿ ಸ್ಪಿಂಡಲ್ ಗನ್‌ಮೆಟಲ್ ಬುಷ್‌ನಲ್ಲಿ ತಿರುಗುತ್ತೆ, ಮೇಲೆ ಆಯಿಲ್ ಕಪ್ ಇರುತ್ತೆ, ಅದಕ್ಕೆ ಹಾಕಿದ ಎಣ್ಣೆ ಬುಷ್ ದಾಟಿ ಕೆಳಗೆ ಸೋರಿ ಹೋಗುತ್ತೆ, ವಾಪಸ್ ಬರಲ್ಲ. ಹಾಗಾಗಿ ಎಣ್ಣೆ ಚೇಂಜ್ ಅನ್ನೋ ಪ್ರಶ್ನೆ ಇಲ್ಲ, ಬೆಳಿಗ್ಗೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ ತುಂಬಿಸಲೇಬೇಕು. ಕಪ್‌ಗೆ ಮುಚ್ಚಳ ಇಲ್ಲದಿದ್ರೆ ಮೊದ್ಲು ಮುಚ್ಚಳ ಮಾಡಿಸಿ, ಪೂಜೆ ದಿನ ಕುಂಕುಮ ಅದರೊಳಗೇ ಬೀಳುತ್ತೆ.

ಬೆಡ್ ಮೇಲೆ: ಸ್ಲೈಡ್‌ವೇ ಆಯಿಲ್, ಹೈಡ್ರಾಲಿಕ್, ಗ್ರೀಸ್, ಮತ್ತೆ ಆ ಕಪ್ಪು ಡಬ್ಬಿ

ಬೆಡ್, ಟೂಲ್‌ನ ಅಡ್ಡಕ್ಕೆ ಸರಿಸೋ ಕ್ರಾಸ್ ಸ್ಲೈಡ್, ಅದರ ಮೇಲಿನ ಕಾಂಪೌಂಡ್, ಇವು ತೆರೆದ ಜಾಗ. ಇಲ್ಲಿ ಎಣ್ಣೆ ನಿಲ್ಲಲ್ಲ, ಇಳಿದು ಹೋಗುತ್ತೆ, ಕೂಲೆಂಟ್ ತೊಳೆಯುತ್ತೆ, ಬಿಸಿ ಚಿಪ್ಸ್ ಬೀಳುತ್ತೆ. ಇದಕ್ಕೆ ಅಂತಲೇ ಮಾಡಿರೋದು ಸ್ಲೈಡ್‌ವೇ ಆಯಿಲ್, ಮೊಬಿಲ್ ವ್ಯಾಕ್ಟ್ರಾ ನಂ. 2, ಸರ್ವೋವೇ 68, ಶೆಲ್ ಟೊನ್ನಾ, ಕ್ಯಾಸ್ಟ್ರಾಲ್ ಮ್ಯಾಗ್ನಾ ಈ ಸಾಲಿನವು. ಮೆಟಲ್‌ಗೆ ಅಂಟಿಕೊಳ್ಳೋ ಗುಣ ಇರುತ್ತೆ, ಮೆಲ್ಲಗೆ ಜರುಗುವಾಗ ಗಕ್ ಗಕ್ ಅಂತ ತಡೆದು ತಡೆದು ಹೋಗೋದನ್ನ ತಪ್ಪಿಸೋ ಅಡಿಟಿವ್ ಇರುತ್ತೆ. ಫೈನ್ ಫೀಡ್‌ನಲ್ಲಿ ಫಿನಿಶ್ ಮೇಲೆ ಗೆರೆ ಗೆರೆ ಬರ್ತಿದೆ, ಕ್ರಾಸ್ ಸ್ಲೈಡ್ ಹ್ಯಾಂಡಲ್‌ನ ಒಂದು ಗೆರೆ ಸರಿಸೋಕೆ ಹೋದ್ರೆ ಮೊದಲು ಅಲ್ಲಾಡಲ್ಲ ಆಮೇಲೆ ಎರಡು ಗೆರೆ ಹಾರುತ್ತೆ ಅಂತಾದ್ರೆ ಟೂಲ್ ಬದಲಾಯಿಸೋಕೆ ಮುಂಚೆ, ಜಿಬ್ (ಸ್ಲೈಡ್‌ನ ಸಡಿಲ ಸರಿಮಾಡೋ ಪಟ್ಟಿ) ಮುಟ್ಟೋಕೆ ಮುಂಚೆ ಎಣ್ಣೆ ನೋಡಿ.

ಹೈಡ್ರಾಲಿಕ್ 68 ಬೆಡ್‌ಗೆ ಹಾಕಬಾರ್ದಾ? ಹಾಕಬಹುದು. ದಿನಾ ಎರಡು ಮೂರು ಸಲ ಒರೆಸಿ ಹಾಕೋ ಶಿಸ್ತು ಇದ್ರೆ, ಕೂಲೆಂಟ್ ಬಳಸದೆ ಡ್ರೈ ಟರ್ನಿಂಗ್ ಮಾಡೋರಾದ್ರೆ ಅದೇ ಸಾಕು. ಕೂಲೆಂಟ್ ಓಡ್ತಿದ್ರೆ ಮಾತ್ರ ಸ್ಲೈಡ್‌ವೇ ಆಯಿಲ್ ದುಡ್ಡು ಉಳಿಸಬೇಡಿ. ಲೀಟರ್ ಲೆಕ್ಕದಲ್ಲಿ ಸ್ವಲ್ಪ ದುಬಾರಿ ಅನ್ಸುತ್ತೆ, ಆದ್ರೆ ಬೆಡ್‌ಗೆ ಬೇಕಾಗೋದು ಹನಿ ಲೆಕ್ಕ, ಒಂದು ಮೆಷಿನ್‌ಗೆ ಒಂದು ಬಕೆಟ್ ತಂದ್ರೆ ಬಹಳ ಕಾಲ ಬರುತ್ತೆ. ಅದೇ ಬೆಡ್ ಸವೆದು ಗ್ರೈಂಡಿಂಗ್‌ಗೆ ಹಾಕೋ ಖರ್ಚು ಯಾರಾದ್ರೂ ಹಾಕಿಸಿದವ್ರನ್ನ ಕೇಳಿ.

ವ್ಯಾಕ್ಟ್ರಾದಲ್ಲೇ ನಂ. 4 ಅಂತ ಇದೆ, ಅದು 220 ಗ್ರೇಡ್, ನಿಂತಿರೋ ಸ್ಲೈಡ್‌ಗಳಿಗೆ, ತುಂಬ ಭಾರದ ಮೆಷಿನ್‌ಗಳಿಗೆ. ನಮ್ಮ ಆರಡಿ ಎಂಟಡಿ ಲೇತ್‌ಗೆ ಬೇಡ.

ಗ್ರೀಸ್ ಬಗ್ಗೆ ಒಂದೇ ಮಾತು, ಬೆಡ್ ಮೇಲೆ ಬೇಡವೇ ಬೇಡ. ಗ್ರೀಸ್ ಹರಿಯಲ್ಲ, ಬಿದ್ದ ಬರ್ (ಕಡೆದಾಗ ಉದುರೋ ಲೋಹದ ಚೂರು) ಪುಡಿನ ಹಿಡಿದಿಟ್ಕೊಳ್ಳುತ್ತೆ, ಎರಡೂ ಸೇರಿ ಲ್ಯಾಪಿಂಗ್ ಪೇಸ್ಟ್ ಆಗುತ್ತೆ, ಕ್ಯಾರೇಜ್ ಹೋದಷ್ಟು ಸಲ ಬೆಡ್ ಉಜ್ಜುತ್ತೆ. ಲೀಡ್ ಸ್ಕ್ರೂಗೂ (ಚೂಡಿ ಕಡೆಯುವಾಗ ಕ್ಯಾರೇಜ್ ಎಳೆಯೋ ಉದ್ದ ಸ್ಕ್ರೂ) ಹಾಗೇ, ಗ್ರೀಸ್ ಬಳಿದ ಲೀಡ್ ಸ್ಕ್ರೂ ನೋಡೋಕೆ ಚೆನ್ನಾಗಿರುತ್ತೆ, ಅದನ್ನ ಕಚ್ಚೋ ಹಾಫ್ ನಟ್ ಮಾತ್ರ ಬೇಗ ಹೋಗುತ್ತೆ. ಗ್ರೀಸ್ ಬೇಕಾದ ಜಾಗ ಬೇರೆ ಇವೆ: ಮೋಟರ್ ಬೇರಿಂಗ್, ಗೇರ್ ಕವರ್ ಒಳಗಿನ ಚೇಂಜ್ ಗೇರ್ ಹಲ್ಲುಗಳು. ತಮಾಷೆ ಏನಂದ್ರೆ ಎಣ್ಣೆ ಹಾಕೋ ನಿಪ್ಪಲ್ಲೂ ಗ್ರೀಸ್ ನಿಪ್ಪಲ್ಲೂ ದೂರದಿಂದ ಒಂದೇ ಥರ ಕಾಣುತ್ತೆ. ಯಾರೋ ಹೊಸ ಹುಡುಗ ಹುರುಪಲ್ಲಿ ಗ್ರೀಸ್ ಗನ್ ತಗೊಂಡು ಕ್ಯಾರೇಜ್‌ನ ಎಲ್ಲಾ ನಿಪ್ಪಲ್‌ಗೂ ಎಪಿ3 ಗ್ರೀಸ್ ಒತ್ತಿಬಿಟ್ರೆ, ಒಳಗಿನ ಸಣ್ಣ ಎಣ್ಣೆ ದಾರಿಗಳು ಗಟ್ಟಿಯಾಗಿ ಮುಚ್ಚಿ, ಮೇಲಿಂದ ಎಷ್ಟು ಎಣ್ಣೆ ಹಾಕಿದ್ರೂ ಕೆಳಗೆ ಬರಲ್ಲ. ಕ್ಯಾರೇಜ್ ಎತ್ತಿ, ಗ್ರೂವ್ ಕೆರೆದು ಸೀಮೆಎಣ್ಣೆಯಲ್ಲಿ ತೊಳೆಯೋದೊಂದೇ ದಾರಿ. ಎಣ್ಣೆ ನಿಪ್ಪಲ್ ಸುತ್ತ ಒಂದು ಹಳದಿ ಪೇಂಟ್ ಉಂಗುರ ಹಾಕಿಬಿಡಿ, ಮುಗೀತು.

ಇನ್ನು ಆ ಕಪ್ಪು ಡಬ್ಬಿ. ಪಕ್ಕದ ಗ್ಯಾರೇಜ್‌ನಿಂದ ಫ್ರೀಯಾಗಿ ಬರೋ ಸುಟ್ಟ ಇಂಜಿನ್ ಆಯಿಲ್. ತುಂಬ ಶೆಡ್‌ನಲ್ಲಿ ಬೆಡ್‌ಗೆ ಅದನ್ನೇ ಬಳೀತಾರೆ, "ತುಕ್ಕು ಹಿಡಿಯಲ್ಲ ಬಿಡ್ರಿ" ಅಂತ. ಅದ್ರಲ್ಲಿ ಮಸಿ ಇದೆ, ಇಂಜಿನ್ ಸವೆದ ಲೋಹದ ಪುಡಿ ಇದೆ, ಆಸಿಡ್ ಇದೆ. ಮುಟ್ಟೋರ ಚರ್ಮಕ್ಕೂ ಒಳ್ಳೇದಲ್ಲ. ಇದಕ್ಕಿಂತ ಹೊಸ ಹೈಡ್ರಾಲಿಕ್ ಎಣ್ಣೆ ಅರ್ಧದಷ್ಟು ಹಾಕಿದ್ರೂ ಮೇಲು.

ಎಣ್ಣೆ ತಲುಪಿಸೋದು: ಆಯಿಲ್ ಕ್ಯಾನ್, ಒನ್ ಶಾಟ್, ಮೋಟರ್ ಪಂಪ್

ಇದೇ ನಿಜವಾದ ಆಯ್ಕೆ ಅಂತ ನನ್ನ ಅಭಿಪ್ರಾಯ, ಮೇಲಿನದೆಲ್ಲ ಒಂದ್ಸಲ ತೀರ್ಮಾನ ಮಾಡಿ ಮರೆತುಬಿಡೋದು, ಇದು ದಿನಾ ಬೆಳಿಗ್ಗೆಯ ವಿಷಯ.

ಆಯಿಲ್ ಕ್ಯಾನ್‌ಗೆ ಖರ್ಚೇ ಇಲ್ಲ. ಕೆಟ್ಟು ಹೋಗೋಕೆ ಏನೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಲಾಭ ಅಂದ್ರೆ ಎಣ್ಣೆ ಹಾಕೋ ನೆಪದಲ್ಲಿ ಆಪರೇಟರ್ ಮೆಷಿನ್ ಸುತ್ತ ಒಂದು ರೌಂಡ್ ಬರ್ತಾನೆ, ಎಲ್ಲಿ ಬೋಲ್ಟ್ ಸಡಿಲ ಆಗಿದೆ, ಎಲ್ಲಿ ವೈಪರ್ (ಕ್ಯಾರೇಜ್ ತುದಿಯಲ್ಲಿ ಬೆಡ್ ಒರೆಸೋ ಫೆಲ್ಟ್) ಕಿತ್ತಿದೆ ಕಣ್ಣಿಗೆ ಬೀಳುತ್ತೆ. ತೊಂದರೆನೂ ಅದೇ, ಆ ರೌಂಡ್ ಬರೋ ಮನುಷ್ಯ ಬೇಕು. ಮೆಷಿನ್ ನೀವೇ ಓಡಿಸೋದಾದ್ರೆ, ದಿನಕ್ಕೆ ಒಂದು ಶಿಫ್ಟ್ ಆದ್ರೆ, ಬೇರೆ ಏನೂ ಬೇಡ, ಒಂದು ಒಳ್ಳೇ ಪಂಪ್ ಕ್ಯಾನ್ ತಗೊಳ್ಳಿ, ತುದಿ ನಿಪ್ಪಲ್ ಮೇಲೆ ಸರಿಯಾಗಿ ಕೂರೋ ಥರದ್ದು. ಬಾಲ್ ನಿಪ್ಪಲ್ ಒತ್ತಿ ಎಣ್ಣೆ ಬಿಡದೆ ಸುಮ್ನೆ ಮೇಲೆ ಸುರಿದ್ರೆ ಒಳಗೆ ಹೋಗಲ್ಲ, ಪಕ್ಕಕ್ಕೆ ಇಳಿದು ಟ್ರೇಗೆ ಹೋಗುತ್ತೆ.

ಒನ್ ಶಾಟ್ ಅಂದ್ರೆ ಒಂದು ಸಣ್ಣ ಟ್ಯಾಂಕ್, ಒಂದು ಹ್ಯಾಂಡಲ್. ಎಳೆದು ಬಿಟ್ರೆ ಒಳಗಿನ ಸ್ಪ್ರಿಂಗ್ ಎಣ್ಣೆನ ತಳ್ಳುತ್ತೆ, ಡಿಸ್ಟ್ರಿಬ್ಯೂಟರ್ ಮೂಲಕ 4 ಮಿಮೀ ನೈಲಾನ್ ಪೈಪ್‌ಗಳಲ್ಲಿ ಎಲ್ಲಾ ಪಾಯಿಂಟ್‌ಗೂ ಹೋಗುತ್ತೆ. ಸೆನ್‌ಲಬ್ ಥರದ ಕಂಪನಿಗಳ ಯೂನಿಟ್ ಸಿಗುತ್ತೆ, ಹಳೇ ಲೇತ್‌ನ ಕ್ಯಾರೇಜ್‌ಗೆ ಕೂರಿಸೋದು ಅರ್ಧ ದಿನದ ಕೆಲಸ, ನಿಪ್ಪಲ್ ಬಿಚ್ಚಿ ಆ ಚೂಡಿಗೇ ಫಿಟ್ಟಿಂಗ್ ಹಾಕಬಹುದು. ಆಪರೇಟರ್ ಬದಲಾಗ್ತಾ ಇರೋ ಶೆಡ್‌ಗೆ, ಎರಡು ಶಿಫ್ಟ್ ಓಡೋ ಮೆಷಿನ್‌ಗೆ ಇದು ಒಳ್ಳೇ ಮಧ್ಯದ ದಾರಿ. "ಶಿಫ್ಟ್ ಶುರುವಿಗೆ ಎರಡು ಎಳೆತ, ಊಟ ಆದ್ಮೇಲೆ ಎರಡು" ಅಂತ ಹೇಳಿಕೊಡೋದು ಸುಲಭ, ಎಂಟು ನಿಪ್ಪಲ್ ಎಲ್ಲೆಲ್ಲಿದೆ ಅಂತ ತೋರಿಸೋದಕ್ಕಿಂತ.

ಮೋಟರ್ ಪಂಪ್, ಟೈಮರ್ ಸಮೇತ, ಮೂರನೇದು. ಇಷ್ಟು ನಿಮಿಷಕ್ಕೊಂದ್ಸಲ ಇಷ್ಟು ಸೆಕೆಂಡ್ ಅಂತ ಸೆಟ್ ಮಾಡಿಬಿಟ್ರೆ ತಾನೇ ನೋಡ್ಕೊಳ್ಳುತ್ತೆ ಅಂತ ಮಾರೋರು ಹೇಳ್ತಾರೆ. ಸಿಎನ್‌ಸಿಯಲ್ಲಿ ಇದು ಬೇಕೇ ಬೇಕು. ಕನ್ವೆನ್ಷನಲ್ ಲೇತ್‌ಗೆ, ಅದೂ ದಿನಕ್ಕೆ ಆರು ಗಂಟೆ ಓಡೋದಕ್ಕೆ, ನನ್ನ ಕೇಳಿದ್ರೆ ದಂಡ. ಖರ್ಚಿಗಿಂತ ದೊಡ್ಡ ಕಾರಣ, ಇದು ಕೊಡೋ ಸುಳ್ಳು ಧೈರ್ಯ. ಈ ಸಿಂಗಲ್ ಲೈನ್ ಸಿಸ್ಟಮ್‌ನಲ್ಲಿ ಡಿಸ್ಟ್ರಿಬ್ಯೂಟರ್‌ನ ಮೀಟರಿಂಗ್ ಯೂನಿಟ್ ದಾಟಿದ ಮೇಲೆ ಯಾವ್ದೋ ಒಂದು ನೈಲಾನ್ ಪೈಪ್ ಚಿಪ್ಸ್ ಬಿದ್ದು ಕಟ್ ಆಯ್ತು ಅಂದ್ಕೊಳ್ಳಿ. ಮೇನ್ ಲೈನ್ ಪ್ರೆಶರ್ ಹಾಗೇ ಇರುತ್ತೆ, ಪ್ರೆಶರ್ ಸ್ವಿಚ್ ಇದ್ರೂ ಅಲಾರ್ಮ್ ಬರಲ್ಲ, ಟ್ಯಾಂಕ್ ಎಣ್ಣೆನೂ ಸರಿಯಾಗಿ ಇಳೀತಾ ಇರುತ್ತೆ, ಆ ಒಂದು ಪಾಯಿಂಟ್ ಮಾತ್ರ ತಿಂಗಳುಗಟ್ಟಲೆ ಒಣಗಿರುತ್ತೆ. ಇನ್ನೊಂದು ಕಡೆ ಟ್ಯಾಂಕ್ ತಳದ ಫಿಲ್ಟರ್ ಕಟ್ಟಿಕೊಂಡ್ರೆ ಮೋಟರ್ ಸದ್ದು ಬರುತ್ತೆ, ಎಣ್ಣೆ ಬರಲ್ಲ, ಟ್ಯಾಂಕ್ ಲೆವೆಲ್ ಇಳೀದೇ ಇರೋದನ್ನ ನೋಡಿ ಓನರ್‌ಗೆ ಖುಷಿ, ಎಣ್ಣೆ ಉಳೀತಿದೆ ಅಂತ.

ಒನ್ ಶಾಟ್ ಆಗ್ಲಿ ಮೋಟರ್ ಆಗ್ಲಿ ಹಾಕಿಸಿದ್ಮೇಲೆ ತಿಂಗಳಿಗೊಂದ್ಸಲ ಒಂದೊಂದೇ ಪೈಪ್ ತುದಿ ಬಿಚ್ಚಿ, ಹ್ಯಾಂಡಲ್ ಎಳೆದು, ಹನಿ ಬರುತ್ತಾ ಕಣ್ಣಾರೆ ನೋಡಬೇಕು. ಅದು ಬೇಸರ ಅನ್ಸಿದ್ರೆ ಇನ್ನೊಂದು ಪರೀಕ್ಷೆ ಇದೆ, ಎಲ್ಲಾ ಮೂರು ವಿಧಕ್ಕೂ ನಡೆಯುತ್ತೆ. ಕ್ಯಾರೇಜ್‌ನ ಟೇಲ್‌ಸ್ಟಾಕ್ (ಬಲತುದಿಯ ಆಸರೆ) ಕಡೆ ತಳ್ಳಿ, ಬೆಡ್ ಪೂರ್ತಿ ಬಟ್ಟೆಯಲ್ಲಿ ಒಣಗೋ ತನಕ ಒರೆಸಿ. ಎಣ್ಣೆ ಹಾಕಿ, ಕ್ಯಾರೇಜ್‌ನ ಚಕ್ (ಕಡೆಯೋ ಲೋಹ ಹಿಡಿಯೋ ಭಾಗ) ತನಕ ತಂದು ವಾಪಸ್ ಕಳಿಸಿ. ಈಗ ಒಂದು ಟಾರ್ಚ್‌ನ ಬೆಡ್‌ಗೆ ಹತ್ತಿರ ಓರೆಯಾಗಿ ಹಿಡಿದು ನೋಡಿ. ಮುಂದಿನ ವಿ, ಹಿಂದಿನ ಫ್ಲ್ಯಾಟ್ ಎರಡರ ಮೇಲೂ ಒಂದೇ ಸಮ ಹೊಳೆಯೋ ಪದರ ಇದ್ರೆ ಸರಿ. ವಿ ಒಂದು ಮೈ ಹೊಳೀತಿದೆ, ಇನ್ನೊಂದು ಮೈ ಮಂಕಾಗಿದೆ ಅಂದ್ರೆ ಆ ಕಡೆ ಗ್ರೂವ್ ಮುಚ್ಚಿದೆ. ಹಿಂದಿನ ಫ್ಲ್ಯಾಟ್ ಬಹಳ ಮೆಷಿನ್‌ನಲ್ಲಿ ಒಣಗಿರುತ್ತೆ, ಯಾಕಂದ್ರೆ ಅಲ್ಲಿಗೆ ಯಾರ ಕೈಯೂ ಎಟುಕಲ್ಲ. ಬೆರಳಲ್ಲಿ ಸವರಿದಾಗ ಎಣ್ಣೆ ಬೂದು ಬಣ್ಣ ಬಂದ್ರೆ ಕಬ್ಬಿಣದ ಪುಡಿ ಸೇರಿದೆ ಅಂತ ಅರ್ಥ, ವೈಪರ್ ಫೆಲ್ಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆಯಲ್ಲಿ ನೆನೆಸಿ ವಾಪಸ್ ಹಾಕಿ. ತೀರಾ ಗಟ್ಟಿಯಾಗಿದ್ರೆ ಹೊಸದು ಕತ್ತರಿಸಿ ಹಾಕಿ, ಫೆಲ್ಟ್ ಶೀಟ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತೆ.

ಬೆಡ್ ಸವೆಯೋದು ಚಕ್ ಪಕ್ಕದ ಒಂದೆರಡು ಅಡಿಯಲ್ಲೇ ಜಾಸ್ತಿ, ಕೆಲಸ ನಡೆಯೋದೂ ಅಲ್ಲೇ, ಬರ್ ಬೀಳೋದೂ ಅಲ್ಲೇ. ಕ್ಯಾನ್ ಹಿಡಿದಾಗ ಕೈ ಅಲ್ಲಿ ಸ್ವಲ್ಪ ಧಾರಾಳ ಇರಲಿ.

ಎಣ್ಣೆ ಬದಲಾಯಿಸೋದು: ಆಯುಧ ಪೂಜೆ ಲೆಕ್ಕ, ಗಂಟೆ ಲೆಕ್ಕ, ಎಣ್ಣೆ ನೋಡಿ

ನಮ್ಮಲ್ಲಿ ಹೆಚ್ಚಿನ ಶೆಡ್‌ನಲ್ಲಿ ಹೆಡ್‌ಸ್ಟಾಕ್ ಎಣ್ಣೆ ಚೇಂಜ್ ಆಗೋದು ಆಯುಧ ಪೂಜೆಗೆ. ಇದನ್ನ ಗೇಲಿ ಮಾಡೋರಿದ್ದಾರೆ, ನಾನು ಮಾಡಲ್ಲ. ವರ್ಷಕ್ಕೊಂದು ದಿನ ಮೆಷಿನ್ ನಿಂತಿರುತ್ತೆ, ಎಲ್ಲರೂ ಕ್ಲೀನಿಂಗ್ ಮೂಡ್‌ನಲ್ಲಿರ್ತಾರೆ, ಯಾರೂ ಡೆಲಿವರಿ ಕೇಳಿ ಫೋನ್ ಮಾಡಲ್ಲ. ದಿನಕ್ಕೆ ನಾಲ್ಕೈದು ಗಂಟೆ ಓಡೋ ರಿಪೇರಿ ಅಂಗಡಿ ಲೇತ್‌ಗೆ ವರ್ಷಕ್ಕೊಂದ್ಸಲ ಸಾಕು. ಎರಡು ಶಿಫ್ಟ್ ಪ್ರೊಡಕ್ಷನ್ ಮಾಡೋ ಮೆಷಿನ್‌ಗೆ ಸಾಲಲ್ಲ, ಅಲ್ಲಿ ಆರು ತಿಂಗಳಿಗೊಂದ್ಸಲ ಅಂತ ಇಟ್ಕೊಳ್ಳಿ, ಯುಗಾದಿಗೊಂದು ದಸರಾಗೊಂದು ಅಂದ್ರೆ ನೆನಪಿರುತ್ತೆ. ಹೊಸ ಮೆಷಿನ್ ಅಥವಾ ಗೇರ್ ಬದಲಾಯಿಸಿದ ಹೆಡ್‌ಸ್ಟಾಕ್ ಆದ್ರೆ ಮೊದಲ ಎಣ್ಣೆ ಕೆಲವೇ ವಾರದಲ್ಲಿ ತೆಗೀಬೇಕು, ಹೊಸ ಹಲ್ಲು ಉಜ್ಜಿಕೊಂಡ ಪುಡಿ ಎಲ್ಲ ಅದರಲ್ಲಿರುತ್ತೆ. ಅಂದಹಾಗೆ ಪೂಜೆ ದಿನ ಬೂದುಗುಂಬಳ ಒಡೆದ ನೀರು ಬೆಡ್ ಮೇಲೆ ಬಿದ್ರೆ ಅವತ್ತೇ ಒರೆಸಿ ಎಣ್ಣೆ ಹಾಕಿ, ಎರಡು ದಿನ ರಜ ಮುಗಿಸಿ ಬರೋಷ್ಟರಲ್ಲಿ ತುಕ್ಕಿನ ಚುಕ್ಕಿ ಕೂತಿರುತ್ತೆ.

ತಾರೀಖು ಏನೇ ಇದ್ರೂ ಕೆಲವು ಲಕ್ಷಣ ಕಂಡ್ರೆ ಕಾಯಬೇಡಿ. ಎಣ್ಣೆ ಮಜ್ಜಿಗೆ ಥರ ಬೆಳ್ಳಗಾದ್ರೆ ಕೂಲೆಂಟ್ ಒಳಗೆ ಹೋಗ್ತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದ್ರೆ ಎಲ್ಲೋ ಬಿಸಿ ಜಾಸ್ತಿ. ಡ್ರೇನ್ ಪ್ಲಗ್‌ಗೆ ಅಂಟಿದ ನುಣ್ಣನೆ ಪುಡಿ ಸಹಜ, ಚೂರು ಚೂರು ಬಂದ್ರೆ ಗೇರ್ ಹಲ್ಲು ನೋಡಿ, ಬಂಗಾರದ ಮಿನುಗು ಕಂಡ್ರೆ ಯಾವ್ದೋ ಬುಷ್ ಹೋಗ್ತಿದೆ.

ಸೈಟ್ ಗ್ಲಾಸ್ ನಂಬೋಕೆ ಮುಂಚೆ ಅದನ್ನ ಪರೀಕ್ಷೆ ಮಾಡಿ. ಹಳೇ ಮೆಷಿನ್‌ನಲ್ಲಿ ಪ್ಲಾಸ್ಟಿಕ್ ಗ್ಲಾಸ್ ಹಳದಿಯಾಗಿ, ಎಷ್ಟೋ ವರ್ಷದ ಲೆವೆಲ್‌ನ ಕಲೆ ಒಳಮೈಗೆ ಅಂಟಿರುತ್ತೆ. ಹೊರಗಿಂದ ನೋಡಿದ್ರೆ ಅರ್ಧಕ್ಕೆ ಎಣ್ಣೆ ಇದೆ ಅನ್ಸುತ್ತೆ, ಒಳಗೆ ಖಾಲಿ. ಮೆಷಿನ್ ಆನ್ ಮಾಡಿದಾಗ ಆ ಗೆರೆ ಸ್ವಲ್ಪವೂ ನಡುಗಲಿಲ್ಲ, ಗುಳ್ಳೆ ಏಳಲಿಲ್ಲ ಅಂದ್ರೆ ಅದು ಕಲೆ. ಪಂಪ್ ಇರೋ ಮೆಷಿನ್‌ನಲ್ಲಿ ಮೇಲಿನ ಗ್ಲಾಸ್‌ನಲ್ಲಿ ಎಣ್ಣೆ ಹರಿಯೋದು ಕಾಣಬೇಕು, ಅದು ನಿಂತಿದ್ರೆ ಮೊದ್ಲು ಸ್ಪಿಂಡಲ್ ನಿಲ್ಲಿಸಿ. ಕಮ್ಮಿ ಆದ್ರೆ ಮಾತ್ರ ತೊಂದರೆ ಅಂತಲೂ ಇಲ್ಲ, ಗ್ಲಾಸ್ ಮೇಲ್ಗಡೆ ತನಕ ತುಂಬಿದ್ರೆ ಗೇರ್ ಕಡೆದು ನೊರೆ ಬರುತ್ತೆ, ಬಿಸಿ ಏರುತ್ತೆ, ಚಕ್ ಹಿಂದಿಂದ ಸೋರೋಕೆ ಶುರುವಾಗುತ್ತೆ, ಸೀಲ್ ಹೋಯ್ತು ಅಂತ ಬಿಚ್ಚಿಸೋರು ಎಷ್ಟೋ ಜನ.

ಬದಲಾಯಿಸುವಾಗ ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬಿಸಿ ಇದ್ದಾಗಲೇ ಇಳಿಸಿ, ಕೊಳೆ ಜೊತೆಗೇ ಬರುತ್ತೆ. ತಳದ ಜಿಡ್ಡು ಒರೆಸೋಕೆ ಹಳೇ ಹತ್ತಿ ಲುಂಗಿ ಬಟ್ಟೆ ಒಳ್ಳೇದು, ಕಾಟನ್ ವೇಸ್ಟ್ ಬೇಡ, ಅದರ ಎಳೆ ಪಂಪ್ ಜಾಲರಿಗೆ ಸುತ್ತಿಕೊಳ್ಳುತ್ತೆ. ಸೀಮೆಎಣ್ಣೆ ಸುರಿದು ತೊಳೆದ್ರೆ ಮೂಲೆಯಲ್ಲಿ ಉಳಿದಿದ್ದು ಹೊಸ ಎಣ್ಣೆನ ತೆಳು ಮಾಡುತ್ತೆ, ಅದರ ಬದಲು ಒಂದೆರಡು ಲೀಟರ್ ಅದೇ ಎಣ್ಣೆ ಹಾಕಿ ಮೇಲಿಂದ ತೊಳೆದು ಇಳಿಸಿ.

ಬೀಡು, ಕೂಲೆಂಟ್, ಸಮುದ್ರದ ಗಾಳಿ

ಬೆಳಗಾವಿ ಉದ್ಯಮಬಾಗ್, ಶಿವಮೊಗ್ಗ ಮಾಚೇನಹಳ್ಳಿ ಕಡೆ ಫೌಂಡ್ರಿ ಕೆಲಸ ಜಾಸ್ತಿ, ಬೀಡು ಕಬ್ಬಿಣ ಟರ್ನ್ ಮಾಡೋರಿಗೆ ಮೇಲಿನ ಲೆಕ್ಕ ಎಲ್ಲ ಅರ್ಧ ಆಗುತ್ತೆ. ಬೀಡಿನ ಪುಡಿ ಹಿಟ್ಟಿನಷ್ಟು ನುಣ್ಣಗೆ, ಮೇಲ್ಪದರದಲ್ಲಿ ಅಚ್ಚಿನ ಮರಳು ಬೇರೆ, ಎಣ್ಣೆ ಮೇಲೆ ಕೂತು ವೈಪರ್ ಕೆಳಗೆ ನುಗ್ಗುತ್ತೆ. ಇಲ್ಲಿ ಜಾಸ್ತಿ ಎಣ್ಣೆ ಹಾಕೋದಕ್ಕಿಂತ ಪದೇ ಪದೇ ಒರೆಸಿ ಹೊಸದು ಹಾಕೋದು ಮುಖ್ಯ. ಏರ್ ಗನ್ ಹಿಡಿದು ಊದಿದ್ರೆ ಪುಡಿ ಸೀದಾ ಕ್ಯಾರೇಜ್ ಕೆಳಗೇ ಹೋಗುತ್ತೆ, ಬ್ರಶ್ ಬಳಸಿ.

ಕೂಲೆಂಟ್ ಓಡಿಸೋರಿಗೆ ಇನ್ನೊಂದು ತಲೆನೋವು, ಬೆಡ್‌ನಿಂದ ಇಳಿದ ಎಣ್ಣೆ ಟ್ಯಾಂಕ್ ಮೇಲೆ ಪದರ ಕಟ್ಟುತ್ತೆ, ಭಾನುವಾರ ರಜ ಮುಗಿಸಿ ಸೋಮವಾರ ಬಾಗಿಲು ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ. ಒಳ್ಳೇ ಸ್ಲೈಡ್‌ವೇ ಆಯಿಲ್ ಕೂಲೆಂಟ್ ಜೊತೆ ಬೆರೆಯದೆ ಮೇಲೆ ತೇಲುತ್ತೆ, ತೆಗೆದು ಹಾಕೋದು ಸುಲಭ. ಇಂಜಿನ್ ಆಯಿಲ್ ಕರಗಿ ಬೆರೆತು ಹೋಗುತ್ತೆ. ಕೂಲೆಂಟ್ ಶೇ. 5ರ ಸುಮಾರಿಗೆ ಇರಲಿ, ಕಲಸುವಾಗ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರು ಹಾಕಿದ್ರೆ ಸರಿಯಾಗಿ ಬೆರೆಯಲ್ಲ. ನೀರು ಜಾಸ್ತಿ ಮಾಡಿ ದುಡ್ಡು ಉಳಿಸಿದ್ರೆ ಬೆಡ್ ತುಕ್ಕು ಹಿಡಿಯುತ್ತೆ. ಮಂಗಳೂರು, ಕಾರವಾರ ಕಡೆಯವರಿಗೆ ಮಳೆಗಾಲದಲ್ಲಿ ಒಂದು ರಾತ್ರಿಯೇ ಸಾಕು, ಸಂಜೆ ಹೋಗುವಾಗ ಕೂಲೆಂಟ್ ಪೂರ್ತಿ ಒರೆಸಿ ಸ್ಲೈಡ್‌ವೇ ಎಣ್ಣೆ ಬಳಿದು ಹೋಗಿ, ವಾರಗಟ್ಟಲೆ ಮುಚ್ಚೋದಾದ್ರೆ ರಸ್ಟ್ ಪ್ರಿವೆಂಟಿವ್ ಬೇರೆ ಸಿಗುತ್ತೆ, ಅದು ಹಾಕಿದ್ರೆ ವಾಪಸ್ ಬಂದು ಒರೆಸಿದ ಮೇಲೇ ಕ್ಯಾರೇಜ್ ಸರಿಸಿ.

ಸಿಎನ್‌ಸಿ ಬಗ್ಗೆ ಹೇಳಿದ್ನಲ್ಲ: ಬಾಕ್ಸ್ ವೇ (ಬೆಡ್ ಥರ ಜಾರೋ ದಾರಿ), ಟರ್ಸೈಟ್ (ಜಾರೋ ಪ್ಲಾಸ್ಟಿಕ್ ಪದರ) ಅಂಟಿಸಿದ ಮೆಷಿನ್‌ಗೆ ಸ್ಲೈಡ್‌ವೇ 68 ಸಾಮಾನ್ಯ, ಎಲ್‌ಎಂ ಗೈಡ್ (ಬಾಲ್ ಅಥವಾ ರೋಲರ್ ಮೇಲೆ ಓಡೋ ಹಳಿ) ಇದ್ರೆ ಕೆಲವಕ್ಕೆ ಎಣ್ಣೆ, ಕೆಲವಕ್ಕೆ ತೆಳು ಗ್ರೀಸ್, ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದೇ ಹಾಕಿ, ಒಂದರ ಬದಲು ಇನ್ನೊಂದು ಹಾಕಿದ್ರೆ ಲೈನ್ ಕಟ್ಟಿಕೊಳ್ಳುತ್ತೆ. ಹೈಡ್ರಾಲಿಕ್ ಚಕ್‌ಗೆ ಗ್ರೀಸ್ ಗನ್ ದಿನಾ ಹಿಡೀಬೇಕು, ಇಲ್ಲಾಂದ್ರೆ ಪ್ರೆಶರ್ ಗೇಜ್ ಅಷ್ಟೇ ತೋರಿಸ್ತಿದ್ರೂ ಹಿಡಿತ ಕಮ್ಮಿ ಆಗ್ತಾ ಬರುತ್ತೆ.

ಬಕೆಟ್ಟಾ, ಲೂಸಾ

ಡ್ರಮ್‌ನಿಂದ ಅಳೆದು ಕೊಡೋ ಲೂಸ್ ಆಯಿಲ್ ಅಗ್ಗ. ಅದರಲ್ಲಿ ಒಳ್ಳೇದೂ ಇರುತ್ತೆ, ಶೋಧಿಸಿದ ಹಳೇ ಎಣ್ಣೆನೂ ಇರುತ್ತೆ, ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಚೇಂಜ್ ಗೇರ್‌ಗೆ, ಟೇಲ್‌ಸ್ಟಾಕ್‌ಗೆ ನಡೆಯುತ್ತೆ, ಹೆಡ್‌ಸ್ಟಾಕ್‌ಗೆ ಮಾತ್ರ ಸೀಲ್ ಬಕೆಟ್ ತನ್ನಿ. ಒಂದೇ ಮೆಷಿನ್ ಇರೋರು ಪಕ್ಕದ ಇಬ್ಬರ ಜೊತೆ ಸೇರಿ ಒಂದು ಬಕೆಟ್ ಹೈಡ್ರಾಲಿಕ್ 68, ಒಂದು ಬಕೆಟ್ ಸ್ಲೈಡ್‌ವೇ 68 ತಂದು ಹಂಚ್ಕೊಂಡ್ರೆ ಲೂಸ್ ರೇಟ್‌ಗೇ ಹತ್ತಿರ ಬರುತ್ತೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಕ್ಯಾನ್ ಇಡಿ, ಯಾವ್ದಕ್ಕೆ ಅಂತ ಮೇಲೆ ಕನ್ನಡ, ಹಿಂದಿ ಎರಡರಲ್ಲೂ ಬರೆಸಿ, ಶೆಡ್‌ನಲ್ಲಿ ಈಗ ಎಲ್ಲೆಲ್ಲಿಂದ ಬಂದ ಹುಡುಗರು ಇರ್ತಾರೆ.

ಇಳಿಸಿದ ಹಳೇ ಎಣ್ಣೆ ಮೋರಿಗೆ ಬೇಡ. 2016ರ ಹಜಾರ್ಡಸ್ ವೇಸ್ಟ್ ನಿಯಮದ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ, ಅನುಮತಿ ಇರೋ ರೀಸೈಕ್ಲರ್‌ಗೇ ಕೊಡಬೇಕು. ಮುಚ್ಚಳ ಇರೋ ಡ್ರಮ್‌ನಲ್ಲಿ ಕೂಡಿಡಿ, ಕೂಲೆಂಟ್ ಅದಕ್ಕೆ ಬೆರೆಸಬೇಡಿ, ನೀರು ಬೆರೆತ ಎಣ್ಣೆಗೆ ರೇಟ್ ಸಿಗಲ್ಲ.